ಕಡ್ಡಿಯ ಮೇಲಿನ ಗುರುತು

"ಆಕ್ಸಿಲರೇಟರ್ ಒತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡ್ಬೇಡಿ," ಎಂದಳು ಪರೀಕ್ಷೆಯವಳು.

ಪುಟ್ಟ ಒತ್ತಿ ಹಿಡಿದ. ಎಂಜಿನ್ನಿನ ಸದ್ದು ತಗಡಿನ ಚಾವಣಿಗೆ ಬಡಿದು ವಾಪಸು ಬಂತು. ಕಾರಿನ ಹಿಂದೆ ಸೈಲೆನ್ಸರ್ ಕೊಳವೆಯೊಳಗೆ ಉಕ್ಕಿನ ಕಡ್ಡಿಯೊಂದನ್ನು ತೂರಿಸಿದ್ದರು. ಅದರ ರಬ್ಬರ್ ನಳಿಗೆ ನೆಲದ ಮೇಲೆ ಸಾಗಿ ಗೋಡೆಯ ಪಕ್ಕದ ಯಂತ್ರವನ್ನು ಸೇರಿತ್ತು. ಯಂತ್ರದ ಪರದೆಯಲ್ಲಿ ಕೆಂಪು ಅಂಕಿಗಳು ಏರುತ್ತಿದ್ದವು. ಪುಟ್ಟ ಅಂಕಿಗಳನ್ನು ನೋಡಲಿಲ್ಲ, ಪರೀಕ್ಷೆಯವಳ ಮುಖ ನೋಡಿದ. ಅಷ್ಟು ಸಾಕಾಗಿತ್ತು.

"ಬಿಡಿ," ಎಂದಳು ಅವಳು. "ಹೊಗೆ ಪಾಯಿಂಟ್ ಐದರೊಳಗಿರ್ಬೇಕು. ನಿಮ್ದು ಒಂದು ಪಾಯಿಂಟ್ ಎಂಟು. ಹೋದ್ಸಲ ಎರಡಿತ್ತು. ಇಳಿದಿದೆ, ಆದ್ರೆ ಸಾಲ್ದು."

"ನಮ್ಮ ಡಾಕ್ಟ್ರು ಶಾಲೇಲೂ ಹೀಗೇ ಅಮ್ಮಾ," ಎಂದರು ಪಕ್ಕದ ಸೀಟಿನಲ್ಲಿ ಕೂತಿದ್ದ ಭಾವ, ಪುಟ್ಟನತ್ತ ಬೆರಳು ತೋರಿಸಿ. "ಯಾವತ್ತೂ ಮೂರನೇ ಸಲಕ್ಕೇ ಪಾಸಾಗ್ತಿದ್ದಿದ್ದು."

ಪರೀಕ್ಷೆಯವಳು ನಗಲಿಲ್ಲ. ಚೀಟಿಯನ್ನು ಯಂತ್ರದಿಂದ ಹರಿದು ಕಿಟಕಿಯಲ್ಲಿ ಕೊಟ್ಟಳು. "ಸರ್, ಹದಿನೈದು ವರ್ಷ ದಾಟಿದ ಗಾಡಿಗೆ ಮೂರೇ ಅವಕಾಶ. ಮೂರನೇದೂ ಆಗ್ಲಿಲ್ಲ ಅಂದ್ರೆ ನೋಂದಣಿ ರದ್ದು. ಕೀಲಿ ಇಲ್ಲೇ ಕೊಟ್ಟು ಹೋಗ್ಬೇಕಾಗತ್ತೆ. ಗುರುವಾರದೊಳಗೆ ಬನ್ನಿ." ಹಾಗೆ ಹೇಳುವಾಗ ಅವಳು ಭಾವನ ಕಾಲುಗಳ ಕಡೆ ಒಮ್ಮೆ ನೋಡಿ ಕಣ್ಣು ತೆಗೆದಳು.

ಹಿಂದಿನ ಸೀಟಿನಲ್ಲಿದ್ದ ಅಕ್ಕ ಕೈ ಚಾಚಿ ಚೀಟಿಯನ್ನು ಇಸಿದುಕೊಂಡಳು. ಅವಳು ತಮ್ಮನನ್ನು ಪುಟ್ಟ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ, ಪುಟ್ಟನಿಗೆ ಐವತ್ತೆಂಟು ದಾಟಿತ್ತು. ಮೂವತ್ತೈದು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ. ಭಾವ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದುದು ಹೊಗಳಿಕೆಗಲ್ಲ.

ಭಾವ ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು, ಲೀಟರಿನ ಅಳತೆಗಳನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವರ ಕೆಲಸ. ನಿವೃತ್ತಿಯಾದ ವರ್ಷವೇ ಬೆನ್ನುಹುರಿಯ ಕಾಯಿಲೆ ಬಂತು. ಸೊಂಟದಿಂದ ಕೆಳಗೆ ಶಕ್ತಿ ಹೋಯಿತು. ಅದಾಗಿ ಏಳು ವರ್ಷ. ಒಮ್ಮೆ ಆಸ್ಪತ್ರೆಯ ಇಬ್ಬರು ಅವರನ್ನು ಎತ್ತಿ ಟ್ಯಾಕ್ಸಿಯೊಳಗೆ ಕೂರಿಸಲು ಹೋಗಿ ಕೈಜಾರಿ ಬೀಳಿಸಿದರು. ತೊಡೆಯ ಮೂಳೆ ಮುರಿಯಿತು. ಇನ್ನು ಮೇಲೆ ಯಾರೂ ಇವರನ್ನು ಎತ್ತಕೂಡದು, ಮೂಳೆ ಬಿಸ್ಕತ್ತಿನ ಹಾಗಾಗಿದೆ ಎಂದರು ವೈದ್ಯರು.

ಆಗ ಪುಟ್ಟ ಭಾವನ ಕಾರಿನ ಮುಂದಿನ ಸೀಟನ್ನು ಕಿತ್ತುಹಾಕಿ, ಕ್ಷೌರದಂಗಡಿಯ ಹಳೇ ಕುರ್ಚಿಯೊಂದರ ತಿರುಗುವ ಬುಡ ತಂದು, ಎರಡು ಕಬ್ಬಿಣದ ಹಳಿಗಳ ಮೇಲೆ ಕೂರಿಸಿದ. ಬಾಗಿಲು ತೆಗೆದು ಸೀಟನ್ನು ಹೊರಕ್ಕೆ ತಿರುಗಿಸಿ ಎಳೆದರೆ ಅದು ಗಾಲಿಕುರ್ಚಿಯ ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. ಭಾವ ಹಲಗೆಯ ಮೇಲೆ ಜಾರಿ ಇತ್ತಲಿಂದ ಅತ್ತ ಕೂರುತ್ತಿದ್ದರು. ಒಳಗೆ ತಿರುಗುವಾಗ ಪ್ರತಿ ಸಲವೂ "ಕಟಿಂಗೋ ಶೇವಿಂಗೋ?" ಎಂದು ಕೇಳುತ್ತಿದ್ದರು. ಏಳು ವರ್ಷವಾದರೂ ಅಕ್ಕ ಪ್ರತಿ ಸಲ ನಗುತ್ತಿದ್ದಳು. ಹೊಸ ಕಾರುಗಳಲ್ಲಿ ಇದು ಆಗುವಂಥದ್ದಲ್ಲ. ಅವುಗಳ ಸೀಟಿನ ಕೆಳಗೆ ವೈರುಗಳೇ ತುಂಬಿಕೊಂಡಿರುತ್ತವೆ, ಬಾಗಿಲೂ ಇಷ್ಟು ಅಗಲವಿರುವುದಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಪುಟ್ಟ ಬೇರೆ ಗಾಡಿಗಳನ್ನೆಲ್ಲ ಹೊರಗೆ ನಿಲ್ಲಿಸಿ ಭಾವನ ಕಾರೊಂದನ್ನೇ ಹಿಡಿದುಕೊಂಡ. ಪ್ಲಗ್ಗುಗಳನ್ನು ಬದಲಿಸಿದ. ಹಳೆಯವು ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. ಗಾಳಿ ಸೋಸುವ ಫಿಲ್ಟರ್ ಬದಲಿಸಿದ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ತೊಳೆದು, ಒಂದೊಂದನ್ನೂ ಗಾಜಿನ ಸೀಸೆಯ ಮೇಲೆ ಹಿಡಿದು ಹನಿ ಹೇಗೆ ಬೀಳುತ್ತದೆಂದು ನೋಡಿದ. ಹೊಗೆಯ ಅಳತೆ ಹೇಳುವ ಸೆನ್ಸರನ್ನೂ ಹೊಸದಾಗಿ ಹಾಕಿದ. ಎಲ್ಲಾದರೂ ಗಾಳಿ ಸೋರುತ್ತಿದೆಯೋ ಎಂದು ಪೈಪುಗಳ ಸಂದಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದನ್ನು ಕಾದ. ಗುಳ್ಳೆ ಏಳಲಿಲ್ಲ. ಗಾಡಿಯ ಕೆಳಗೆ ನಡುಭಾಗದಲ್ಲಿ ನೇತಾಡುವ, ಹೊಗೆಯನ್ನು ಸೋಸುವ ಡಬ್ಬಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದರ ಕೆಳಗೆ ಹತ್ತು ಸಲ ಹಾದುಹೋದ, ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ.

ಮಂಗಳವಾರ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಳು. ಅವನು ತಿನ್ನುವವರೆಗೂ ಟೈರುಗಳ ರಾಶಿಯ ಮೇಲೆ ಕೂತಿದ್ದಳು.

"ಈಗೆಷ್ಟು ಬರತ್ತೆ?"

"ಒಂದೂವರೆ. ನನ್ನ ಯಂತ್ರದಲ್ಲಿ."

"ಅರ್ಧಕ್ಕೆ ಬರ್ಬೇಕಲ್ವಾ."

"ಹೂಂ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹೋದ ಶುಕ್ರವಾರ ತೊಟ್ಟಿಗೆ ಹೋಗಿದ್ವಲ್ಲ," ಎಂದಳು.

ತೊಟ್ಟಿ ಎಂದರೆ ಊರಾಚೆಯ ಆಸ್ಪತ್ರೆಯಲ್ಲಿದ್ದ ಬಿಸಿನೀರಿನ ಕೊಳ. ಸೋಮವಾರ, ಶುಕ್ರವಾರ ಭಾವನನ್ನು ಕುರ್ಚಿ ಸಮೇತ ಎದೆಯುದ್ದ ನೀರಿಗೆ ಇಳಿಸುತ್ತಿದ್ದರು. ನೀರಿನಲ್ಲಿ ದೇಹದ ಭಾರ ಕಳೆದು ಅವರು ಕಂಬಿ ಹಿಡಿದು ತಾವಾಗಿಯೇ ನಿಲ್ಲುತ್ತಿದ್ದರು. ಇಪ್ಪತ್ತು ನಿಮಿಷ. ವಾರದಲ್ಲಿ ಅವರು ನೆಟ್ಟಗೆ ನಿಲ್ಲುತ್ತಿದ್ದುದು ಆ ನಲವತ್ತು ನಿಮಿಷ ಮಾತ್ರ.

"ಅವತ್ತು ಕಂಬಿ ಬಿಟ್ಟು ನಿಂತ್ರು. ಎಣಿಸಿದೆ, ಒಂಬತ್ತು ಎಣಿಸೋವರೆಗೂ. ನಾನೂ ಅವರ ಜೊತೆ ಇಳಿದಿದ್ದೆ. ನಿಮ್ಮ ಭಾವ ನನಗಿಂತ ಇಷ್ಟು ಎತ್ತರ ಅನ್ನೋದೇ ಮರ್ತುಹೋಗಿತ್ತು ಕಣೋ ಪುಟ್ಟಾ." ಅವಳು ಕೈಯಿಂದ ಗೇಣಳತೆ ತೋರಿಸಿದಳು. "ಅದೊಂದು ನಿಂತ್ರೆ ಅವ್ರು ಮಂಚ ಹಿಡೀತಾರೆ. ಆಸ್ಪತ್ರೆಯವ್ರು ಬಾಯ್ಬಿಟ್ಟು ಹೇಳಿಲ್ಲ, ನಂಗೆ ಗೊತ್ತು. ಏನಾದ್ರೂ ಮಾಡು. ಅವ್ರಿಗೆ ಗೊತ್ತಾಗ್ದೇ ಇರೋ ಹಾಗೇನಾದ್ರೂ ಇದ್ರೂ ಸರಿ."

ಪುಟ್ಟ ಡಬ್ಬಿಯ ಮುಚ್ಚಳ ಹಾಕಿದ. ಅವರಿಗೆ ಗೊತ್ತಾಗದ ಹಾಗೆ ಮಾಡುವುದು ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಸಂಜೆ ನಾಲ್ಕಕ್ಕೆ ಭಾವ ತಾವೇ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅವರ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಕಾರು ಎತ್ತುಯಂತ್ರದ ಮೇಲೆ ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ ನಿಂತಿತ್ತು. ನಿಂತವರು ಬಗ್ಗಿ ನೋಡಬೇಕು, ಗಾಲಿಕುರ್ಚಿಯಲ್ಲಿ ಕೂತವರಿಗೆ ತಲೆಯ ಮೇಲೇ ಗಾಡಿಯ ಹೊಟ್ಟೆ.

"ಏನ್ ಡಾಕ್ಟ್ರೇ, ಪೇಷೆಂಟು ಉಳಿಯತ್ತೋ?"

"ನೋಡ್ತಾ ಇದೀನಿ ಭಾವ."

"ಮೂರು ದಿನದಿಂದ ನೋಡ್ತಾ ಇದೀಯ. ನಮ್ಮ ಇಲಾಖೇಲಿ ಇಷ್ಟು ಹೊತ್ತು ನೋಡಿದ್ರೆ ಅಂಗಡಿಯವನು ಊರೇ ಬಿಟ್ಟು ಓಡ್ತಿದ್ದ." ಅವರು ಕುರ್ಚಿಯನ್ನು ಗಾಡಿಯ ಕೆಳಗೇ ತಳ್ಳಿಕೊಂಡರು. "ಯಾವುದ್ಯಾವುದು ಏನೇನು, ಹೇಳು."

ಪುಟ್ಟ ಹೇಳುತ್ತ ಹೋದ. ಇದು ಗೇರ್ ಪೆಟ್ಟಿಗೆ, ಇದು ಎಣ್ಣೆಯ ಬುಡ್ಡಿ, ಇದು ಹೊಗೆ ಹೋಗೋ ದಾರಿ. ಭಾವ ಬೆಂಚಿನ ಮೇಲಿದ್ದ ಸಣ್ಣ ಸ್ಪ್ಯಾನರನ್ನು ಕೈಗೆ ತೆಗೆದುಕೊಂಡು ಒಂದೊಂದನ್ನೂ ತಟ್ಟುತ್ತ ಬಂದರು. ಅವರ ಕಣ್ಣು ಅರ್ಧ ಮುಚ್ಚಿತ್ತು. ಬಟ್ಟುಗಳ ಬುಡ ಕೊರೆದು ಟೊಳ್ಳು ಮಾಡಿ, ಮೇಲೆ ಸೀಸ ಮೆತ್ತಿ ಮೋಸ ಮಾಡುವವರನ್ನು ಅವರು ತಕ್ಕಡಿ ಇಲ್ಲದೆ, ಹೀಗೆ ತಟ್ಟಿಯೇ ಹಿಡಿಯುತ್ತಿದ್ದರೆಂದು ಪುಟ್ಟ ಎಷ್ಟೋ ಸಲ ಕೇಳಿದ್ದ.

ಡಬ್ಬಿಯ ಮೇಲೆ ಸ್ಪ್ಯಾನರ್ ಬಿತ್ತು. ಭಾವ ನಿಲ್ಲಿಸಿದರು. ಇನ್ನೊಮ್ಮೆ ತಟ್ಟಿದರು.

"ಇದೇನಿದು?"

"ಕನ್ವರ್ಟರ್. ಒಳಗೆ ಜೇನುಹುಟ್ಟಿನ ಥರ ಕಲ್ಲಿರತ್ತೆ. ಹೊಗೆ ಅದರಲ್ಲಿ ಹಾದು ಸೋಸ್ಕೊಂಡು ಹೋಗತ್ತೆ."

"ಕಲ್ಲಿದ್ರೆ ಹೀಗೆ ಸದ್ದು ಬರಲ್ಲ. ಇದು ಟೊಳ್ಳು."

ಪುಟ್ಟ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ, ಆಗಲೇ ಒರೆಸಿದ ಕೈಯನ್ನೇ. ಭಾವ ಹೆಬ್ಬೆರಳಿನಿಂದ ಡಬ್ಬಿಯ ಪಕ್ಕದ ಕೊಳೆಯನ್ನು ಉಜ್ಜಿದರು. ಕೊಳೆಯಡಿ ಬೆಸುಗೆಯ ಗೆರೆ ಕಂಡಿತು, ಸಣ್ಣ ಸಣ್ಣ ನಾಣ್ಯಗಳನ್ನು ಓರೆಯಾಗಿ ಜೋಡಿಸಿಟ್ಟ ಹಾಗೆ, ಒಂದು ಚೂರೂ ಏರುಪೇರಿಲ್ಲದೆ. ಸೀಟಿನ ಹಳಿಗಳಿಗೂ ಅದೇ ಕೈಯ ಬೆಸುಗೆ. ಅದನ್ನು ಅವರು ಏಳು ವರ್ಷದಿಂದ ನೋಡುತ್ತ ಬಂದಿದ್ದರು.

"ಯಾವಾಗ?" ಎಂದರು ಭಾವ.

ಪುಟ್ಟ ಪಕ್ಕದಲ್ಲಿದ್ದ ಡಬ್ಬದ ಮೇಲೆ ಕೂತ. "ಒಂಬತ್ತು ವರ್ಷ ಆಯ್ತು. ಗಾಡಿ ಏರು ಹತ್ತಲ್ಲ ಅಂತಿದ್ರಿ. ಒಳಗೆ ಕಟ್ಕೊಂಡಿತ್ತು. ಹೊಸದು ಸಿಗ್ತಿರ್ಲಿಲ್ಲ. ಆಗ ಎಲ್ರೂ ಹೀಗೇ ಮಾಡ್ತಿದ್ರು ಭಾವ, ಕೊಯ್ದು, ಒಳಗಿನ ಕಲ್ಲು ಕುಟ್ಟಿ ತೆಗೆದು, ವಾಪಸ್ ಮುಚ್ಚೋದು. ಹೊಗೆ ಕಣ್ಣಿಗೆ ಕಾಣ್ದಿದ್ರೆ ಸಾಕಿತ್ತು ಆಗ. ನೀವು ಒಪ್ಪಲ್ಲ ಅಂತ ಹೇಳ್ಲಿಲ್ಲ. ಕ್ಲೀನ್ ಮಾಡಿದೆ ಅಂದೆ."

"ಮೊದಲನೇ ಸಲ ಫೇಲಾದಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಈ ಮೂರು ದಿನ?"

"ಬೇರೆ ಎಲ್ಲಾ ಸರಿ ಮಾಡಿದ್ರೆ ಅದಿಲ್ದೇನೂ ಪಾಸಾಗ್ಬಹುದು ಅಂತ."

ಭಾವ ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡರು. ಬೈಯಲಿಲ್ಲ. ಬೈದಿದ್ದರೆ ಪುಟ್ಟನಿಗೆ ಸುಲಭವಾಗುತ್ತಿತ್ತು.

"ಅವತ್ತು ಗಾಡಿ ಕುದುರೆ ಥರ ಹತ್ತಿತು," ಎಂದರು ಕೊನೆಗೆ. "ಮನೆಗೆ ಬಂದು ನಿಮ್ಮಕ್ಕನ ಎದುರು ನಿನ್ನ ಹೊಗಳಿದ್ದೆ. ಅದೊಂದೇ ಸಲ ಅನ್ಸತ್ತೆ."

"ಒಂದೇ ಸಲ."

"ವಾಪಸ್ ತಗೊಳ್ಳೋಣ ಅಂದ್ರೆ ಒಂಬತ್ತು ವರ್ಷ ಆಗಿಹೋಗಿದೆ." ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡರು. ಬಾಗಿಲ ಹತ್ತಿರ ಗಾಲಿ ಒಂದು ನಟ್ಟಿನ ಮೇಲೆ ಹತ್ತಿ ಸಿಕ್ಕಿಕೊಂಡಿತು. ಪುಟ್ಟ ಎದ್ದು ತಳ್ಳಲು ಹೋದ. ಭಾವ ಕೈಯೆತ್ತಿ ಬೇಡವೆಂದರು. ತಾವೇ ಎರಡು ಸಲ ಹಿಂದೆ ಮುಂದೆ ಮಾಡಿ ಬಿಡಿಸಿಕೊಂಡು ಹೋದರು.

ಮರುದಿನ ಪುಟ್ಟ ಹಳೇ ಗಾಡಿಗಳ ಅಂಗಳಗಳನ್ನೆಲ್ಲ ಸುತ್ತಿದ. ಆ ಮಾಡೆಲ್ಲಿನ ಕನ್ವರ್ಟರ್ ಮಾಡುವುದನ್ನೇ ನಿಲ್ಲಿಸಿ ಹತ್ತು ವರ್ಷವಾಗಿತ್ತು. ನಾಲ್ಕನೆಯ ಅಂಗಳದಲ್ಲಿ, ಮುಂಭಾಗ ಜಜ್ಜಿಹೋದ ಬೇರೊಂದು ಕಾರಿನ ಅಡಿಯಲ್ಲಿ, ಹತ್ತಿರ ಹತ್ತಿರ ಹೊಂದುವಂಥದ್ದು ಒಂದು ಸಿಕ್ಕಿತು. ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಒಂದಿಷ್ಟು ಪುಡಿ ಸರಿದಾಡುವ ಸದ್ದು. ಪೂರ್ತಿ ಸತ್ತಿರಲಿಲ್ಲ. ಟೊಳ್ಳು ಡಬ್ಬಿಯನ್ನು ಕೊಯ್ದು ತೆಗೆದು ಇದನ್ನು ಹಾಕಿದ. ಈ ಸಲ ಬೆಸುಗೆ ಒಂದು ಕಡೆ ಸೊಟ್ಟಗಾಯಿತು. ಸಂಜೆ ಅವನ ಯಂತ್ರ ಪಾಯಿಂಟ್ ಏಳು ತೋರಿಸಿತು. ಗುರುವಾರ ಬೆಳಿಗ್ಗೆ ಎಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೆ ನೋಡಿದ. ಪಾಯಿಂಟ್ ಏಳು.

ಪರೀಕ್ಷಾ ಕೇಂದ್ರದ ಮುಂದೆ ಹನ್ನೊಂದು ಗಾಡಿಗಳ ಸಾಲಿತ್ತು. ಭಾವ ಬಿಳಿ ಅಂಗಿ ತೊಟ್ಟು, ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದಿದ್ದರು. ಮಂಗಳವಾರದಿಂದ ಅವರು ಪುಟ್ಟನ ಜೊತೆ ಬೇಕಾದಷ್ಟೇ ಮಾತಾಡಿದ್ದರು. ಮೈ ತಿರುಗಿಸಲು ಅವರಿಗೆ ಆಗುತ್ತಿರಲಿಲ್ಲವಾದ್ದರಿಂದ, ಹಿಂದೇನಾಗುತ್ತಿದೆ ಎಂದು ಕಾಣುವ ಹಾಗೆ ತಮ್ಮ ಕಡೆಯ ಕನ್ನಡಿಯನ್ನು ಓರೆ ಮಾಡಿಸಿಕೊಂಡರು.

ಮುಂದೆ ನಾಲ್ಕು ಗಾಡಿಗಳಿದ್ದಾಗ ಅಕ್ಕ ಬಾಗಿಲು ತೆಗೆದಳು. "ನೀರು ಕುಡಿದು ಬರ್ತೀನಿ."

ಪುಟ್ಟನ ಕಾಲ ಬಳಿಯೇ ನೀರಿನ ಬಾಟಲಿ ಇತ್ತು. ಅವನು ಅದನ್ನು ಎತ್ತಿ ಕೊಡಲಿಲ್ಲ. ಅಕ್ಕ ಶೆಡ್ಡಿನೊಳಗೆ ಹೋಗಿ ಪರೀಕ್ಷೆಯವಳ ಪಕ್ಕ ನಿಂತದ್ದು ಅವನಿಗೆ ಕಂಡಿತು. ಏನು ಹೇಳಿದಳೋ ಕೇಳಿಸಲಿಲ್ಲ. ಕೈಯಿಂದ ಗೇಣಳತೆ ತೋರಿಸಿದ್ದು ಕಂಡಿತು. ಪರೀಕ್ಷೆಯವಳು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಬರೆಯುತ್ತಿದ್ದ ಹಲಗೆಯಿಂದ ಕಣ್ಣೆತ್ತಿ ಅವರ ಕಾರನ್ನು ನೋಡಿದಳು. ಅಕ್ಕ ವಾಪಸು ಬಂದು ಕೂತು ಬಾಗಿಲು ಎಳೆದುಕೊಂಡಳು.

"ನೀರಿತ್ತಾ?" ಎಂದರು ಭಾವ.

"ಇತ್ತು ರೀ."

ಅವರ ಸರದಿ ಬಂತು. ಪರೀಕ್ಷೆಯವಳು ಕಾಗದ ತೆಗೆದುಕೊಂಡು ನಂಬರ್ ನೋಡಿ ಹಿಂದಕ್ಕೆ ಹೋದಳು. "ಒತ್ತಿ ಹಿಡೀರಿ." ಪುಟ್ಟ ಒತ್ತಿ ಹಿಡಿದ. ಪರದೆಯ ಅಂಕಿಗಳು ಏರಿದವು, ತಡೆದವು, ಇಳಿಯತೊಡಗಿದವು. ಪಾಯಿಂಟ್ ಆರು. ಪಾಯಿಂಟ್ ಐದು. ಪಾಯಿಂಟ್ ನಾಲ್ಕು. ಅಂಕಿ ಅಲ್ಲೇ ನಿಂತು ಹಸಿರಾಯಿತು. ಪುಟ್ಟನಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಏಳಿದ್ದದ್ದು ಈಗ ನಾಲ್ಕಾಗುವುದು ಹೇಗೆ? ತನ್ನ ಯಂತ್ರವೇ ತಪ್ಪು ತೋರಿಸಿತ್ತೇ? ಹಿಂದಿನಿಂದ ಅಕ್ಕನ ಕೈ ಬಂದು ಅವನ ಸೀಟನ್ನು ಗಟ್ಟಿಯಾಗಿ ಹಿಡಿದದ್ದು ಬೆನ್ನಿಗೆ ತಿಳಿಯಿತು.

"ಅಮ್ಮಾ," ಎಂದರು ಭಾವ ಕಿಟಕಿಯಿಂದ. ಅವರ ಕಣ್ಣು ಕನ್ನಡಿಯ ಮೇಲಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುವಂಥ ಮೆಲು ದನಿ. "ಅಮ್ಮಾ, ಆ ಕಡ್ಡಿ ಪೂರ್ತಿ ಒಳಗೆ ಹೋಗಿಲ್ಲ ನೋಡು."

ಪರೀಕ್ಷೆಯವಳು ಅಲ್ಲಾಡಲಿಲ್ಲ. "ಸಾಕು ಸರ್. ರೀಡಿಂಗ್ ಬಂದಿದೆ."

"ಬರತ್ತಮ್ಮ. ಹೊರಗಿನ ಗಾಳಿ ಸೇರ್ಕೊಂಡು ಬರತ್ತೆ. ಅದರ ಮೇಲೆ ಗುರುತು ಕೊರೆದಿದಾರಲ್ಲ, ಅಲ್ಲೀವರೆಗೂ ಹೋಗ್ಬೇಕು. ನೀನು ನಾಲ್ಕು ಬೆರಳು ಹಾಕಿದೀಯ ಅಷ್ಟೇ."

ಹಿಂದಿನ ಗಾಡಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ. ಪಕ್ಕದ ಸಾಲಿನ ನೌಕರನೂ ಈ ಕಡೆ ತಿರುಗಿದ. ಪರೀಕ್ಷೆಯವಳು ಕಾರಿನ ಹಿಂದಿನ ಗಾಜಿನೊಳಗಿಂದ ಅಕ್ಕನನ್ನು ನೋಡಿದಳು. ಆಮೇಲೆ ಬಗ್ಗಿ, ಕಡ್ಡಿಯನ್ನು ಗುರುತಿನವರೆಗೂ ಒಳಕ್ಕೆ ತಳ್ಳಿದಳು.

ಪುಟ್ಟನ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು. ಸ್ವಲ್ಪ ಸಡಿಲ ಬಿಟ್ಟರೆ ಏನಾದರೂ ವ್ಯತ್ಯಾಸವಾದೀತೇ ಎಂದು ಯೋಚಿಸಿದ. ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂಕಿ ಪಾಯಿಂಟ್ ಐದಾಯಿತು, ಆರಾಯಿತು. ಏಳಕ್ಕೆ ಬಂದು ಕೆಂಪಾಗಿ ನಿಂತಿತು.

"ಬಿಡಿ," ಎಂದಳು ಪರೀಕ್ಷೆಯವಳು.

ಎಂಜಿನ್ನಿನ ಸದ್ದು ಇಳಿಯಿತು. ಸೀಟಿನ ಮೇಲಿದ್ದ ಅಕ್ಕನ ಹಿಡಿತ ಬಿಟ್ಟುಹೋಯಿತು. ಭಾವ ಇನ್ನೂ ಕನ್ನಡಿಯನ್ನೇ ನೋಡುತ್ತಿದ್ದರು. ಅದರಲ್ಲಿ ಪರೀಕ್ಷೆಯವಳು ನಳಿಗೆಯನ್ನು ಸುತ್ತಿಡುತ್ತಿದ್ದಳು, ನಿಧಾನವಾಗಿ, ತಲೆ ತಗ್ಗಿಸಿ. ಅದನ್ನು ನೋಡುತ್ತ ಅವರ ಮುಖ ಬದಲಾಗುತ್ತ ಹೋಯಿತು.

"ನೀನು ಅವಳ ಹತ್ರ ಏನಾದ್ರೂ ಹೇಳಿದ್ಯೇನೇ?" ಎಂದರು.

"ಇಲ್ಲ," ಎಂದಳು ಅಕ್ಕ.

ಭಾವ ಕನ್ನಡಿಯಿಂದ ಕಣ್ಣು ತೆಗೆದರು.

"ನಂಗೆ ಮೊದಲೇ ಒಂದು ಮಾತು ಹೇಳಿದ್ದಿದ್ರೆ," ಎಂದರು, "ಕಣ್ಣು ಮುಚ್ಕೊಂಡಿರ್ತಿದ್ದೆನಲ್ಲೇ."

ಪುಟ್ಟ ಸ್ಟಿಯರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಭಾವ ಅಂಥ ಮಾತು ಆಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೇಳಬಾರದಿತ್ತು ಎನ್ನಿಸಿತು.

ಪರೀಕ್ಷೆಯವಳು ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಭಾವನ ಕಿಟಕಿಗೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು, ಹೊಗೆಗೋ ಏನೋ. "ಸರ್, ಮಾಲೀಕರ ಸಹಿ ಬೇಕು. ಇಲ್ಲಿ."

ಭಾವ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಗಾಡಿಯ ನಂಬರನ್ನು ಬೆರಳಿಟ್ಟು ತಾಳೆ ನೋಡಿದರು. ಸಹಿ ಮಾಡಿ, ಕೆಳಗೆ ತಾರೀಖು ಬರೆದರು.

"ತಾರೀಖು ಬೇಡ ಸರ್, ಪ್ರಿಂಟಾಗಿದೆ."

"ಇರ್ಲಮ್ಮ," ಎಂದು ಪೆನ್ನು ಎತ್ತಿ ಹಿಡಿದು, "ಗಂಟೆ ಎಷ್ಟೇ?" ಎಂದು ಹಿಂದಕ್ಕೆ ಕೇಳಿದರು.

ಅಕ್ಕ ಕೈಗಡಿಯಾರ ನೋಡಲು ತಡಮಾಡಿದಳು. "ಹನ್ನೊಂದೂ ಇಪ್ಪತ್ತು," ಎಂದಳು. ಅವರು ಅದನ್ನೂ ಬರೆದರು.

ಕೀಲಿ ಕೊಟ್ಟಾಯಿತು. ಇನ್ನು ಎಂಜಿನ್ ಶುರು ಮಾಡುವಂತಿರಲಿಲ್ಲ. ಹಿಂದಿನ ಅಂಗಳಕ್ಕೆ ತಳ್ಳಲು ಇಬ್ಬರು ಕೂಲಿಗಳು ಬಂದರು. ಒಳಗೆ ಜನ ಇದ್ದಾರೆಂದು ಕಂಡು ಗೋಡೆಗೆ ಒರಗಿ ನಿಂತರು. ಪುಟ್ಟ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ ಬಿಡಿಸತೊಡಗಿದ. ಅದರ ಒಂದು ಕೊಂಡಿ ಬೀಳಲೊಲ್ಲದು. ಅಕ್ಕ ಹಿಂದಿನ ಸೀಟಿನಲ್ಲಿ ಹಾಗೇ ಕೂತಿದ್ದಳು.

ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ಮುಂದೆ ಹೋಗಲು ಪಕ್ಕದಲ್ಲಿ ಜಾಗವಿತ್ತು, ಆದರೆ ಇಕ್ಕಟ್ಟು. ಭಾವ ಕಿಟಕಿಯಿಂದ ಎಡಗೈಯನ್ನು ಪೂರ್ತಿ ಹೊರಗೆ ಚಾಚಿದರು. ಕನ್ನಡಿಯಲ್ಲಿ ನೋಡುತ್ತ, ಬನ್ನಿ, ಬನ್ನಿ, ಜಾಗ ಇದೆ ಎಂದು ಬೆರಳು ಅಲ್ಲಾಡಿಸುತ್ತ, ಒಂದೊಂದೇ ಗಾಡಿಯನ್ನು ಮುಂದಕ್ಕೆ ಬಿಡತೊಡಗಿದರು.